ಔರಾದದ ಚಹಾದಂಗಡಿಯಿಂದ ನೇರಪ್ರಸಾರ

ಬೆಂಗಳೂರಿನ ಚಾನೆಲ್ಲೊಂದು ಬೀದರಿನ ಪತ್ರಕರ್ತೆ ಅಂತ ನನ್ನನ್ನು ರಾಜಕೀಯ ಚರ್ಚೆಗೆ ಕರೆದಾಗ ನಾನು ಔರಾದದ ಚಹಾದಂಗಡಿಯಲ್ಲಿದ್ದೆ. ಜಿಲ್ಲೆಯಲ್ಲಿ ಮಂತ್ರಿಗಿರಿ ಯಾರಿಗೆ ಅನ್ನುವುದು ವಿಷಯ. ಮುಂಜಾನೆಯಿಂದ ಭಾಲ್ಕಿ, ಔರಾದ ಸುತ್ತಿದ್ದೆ. ಯಾರೂ ಮಂತ್ರಿಯ ಮಾತೆತ್ತಿರಲಿಲ್ಲ, ಎಲ್ಲರದೂ ಕುಡಿಯುವ ನೀರಿನ ಮಾತು. ಅದನ್ನು ಹೇಳಿಯೇ ಏಳುವುದೆಂದು ಮೊಬೈಲನ್ನು ಸಕ್ಕರೆ ಡಬ್ಬಿಗೆ ಆನಿಸಿ ಕೂತೆ. ನನ್ನ ದನಿ ತಿರುಗಿ ಕೇಳಬಾರದೆಂದು ಅಂಗಡಿಯ ಚಾಚಾ ಅದೇ ಚಾನೆಲ್ ಹಚ್ಚಿದ್ದ ಟಿವಿಯ ಆವಾಜ್ ಬಂದ್ ಮಾಡಿದರು.

ಸ್ಟುಡಿಯೋದಲ್ಲಿ ಮೂವರು ಪತ್ರಕರ್ತರು ಒಟ್ಟಿಗೇ ಕೂಗುತ್ತಿದ್ದರು. ನಾನು ನೀರು ಅಂದಕೂಡಲೇ ಆಂಕರ್ "ಒಂದು ನಿಮಿಷ ಮೇಡಂ" ಅಂದ. ಮತ್ತೆ ಅಂದೆ, ಮತ್ತೆ ಅದೇ ನಿಮಿಷ. ಮೂರನೇ ಸಲ ನಾನು ನಿಲ್ಲಿಸಲಿಲ್ಲ. ಯಾವ ಓಣಿಗೆ ನಳ ಬರುತ್ತದೆ, ಯಾವುದಕ್ಕಿಲ್ಲ, ಎಲ್ಲ ಹೇಳಿ ಮುಗಿಸಿ ತಲೆಯೆತ್ತಿದರೆ ಟಿವಿಯಲ್ಲಿ ನನ್ನ ಮುಖವೇ ಇಲ್ಲ.

"ನನ್ನ ಯಾವಾಗ ತೆಗದ್ರು ಚಾಚಾ?"

"ನೀ ಸುರು ಮಾಡಿದ ಕೂಡ್ಲೇ, ಬೇಟಿ."

"ಹೇಳಬಾರದಿತ್ತೇನ್ರಿ?"

"ಹ್ಯಾಂಗ ಹೇಳಲಿ? ಮಂದಿ ಕೇಳ್ಲಿಕತ್ತಿದ್ರು."

ನಿಜ, ಕೈಯಲ್ಲಿನ ಚಹಾ ಆರಲು ಬಿಟ್ಟು ಎಲ್ಲರೂ ನನ್ನ ಕಡೆಗೇ ತಿರುಗಿ ಕೂತಿದ್ದರು. ಮೂಲೆಯ ಮುದುಕರೊಬ್ಬರು ಎದ್ದರು.

"ಎಲ್ಲಾ ಹೇಳಿದ್ರಿ, ನಮ್ಮ ಓಣಿ ಬಿಟ್ರಿ ನೋಡ್ರಿ."

ಒಂದು ನಿಮಿಷ ಅನ್ನಲು ತೆರೆದ ಬಾಯನ್ನು ಹಾಗೇ ಮುಚ್ಚಿಕೊಂಡೆ.