ಓಡುವಾಗ ನಮ್ಮವಳು

ಗೋವಾದ ನೆಲದ ಮೇಲೆ ನನ್ನನ್ನು ಮೊದಲು ಮಾತಾಡಿಸಿದವನು ಪಾಸ್‌ಪೋರ್ಟ್ ಕೇಳಿದ.

ಅನಮೋಡ ಘಟ್ಟ ಇಳಿದು ಬಂದ ಬಸ್ಸು ನಮ್ಮನ್ನು ಫೋಂಡಾ ನಿಲ್ದಾಣದಲ್ಲಿ ಬಿಟ್ಟಿತ್ತು. ನನ್ನ ಒಂದು ಕೈಯಲ್ಲಿ ಅಕ್ಕಿ ಚೀಲ, ಇನ್ನೊಂದರಲ್ಲಿ ಪಾತ್ರೆ ತುಂಬಿದ ಬಕೆಟ್ಟು. ಗಂಡ ನಾರಾಯಣ ಬಸ್ಸಿನ ಮೇಲಿಂದ ಹಾಸಿಗೆ ಇಳಿಸುತ್ತಿದ್ದ. ಖಾಕಿ ಅಂಗಿಯವನೊಬ್ಬ ನನ್ನೆದುರು ಬಂದು ನಿಂತು ಇಂಗ್ಲಿಷಿನಲ್ಲಿ ಯಾವ ದೇಶ ಎಂದ. ಪಾಸ್‌ಪೋರ್ಟ್ ತೋರಿಸು ಎಂದು ನಕ್ಕ. ಹಿಂದಿನ ಬೆಂಚಿನಲ್ಲಿದ್ದ ಇಬ್ಬರು ಹೆಂಗಸರು ಒಬ್ಬರನ್ನೊಬ್ಬರು ಮೊಣಕೈಯಿಂದ ತಿವಿದುಕೊಂಡು "ಪಳೆ ಗೋ, ಖಾಪ್ರಿ ಆಯ್ಲಿ" ಎಂದರು. ನೋಡೇ, ಖಾಪ್ರಿ ಬಂದಳು ಎಂದು. ಖಾಪ್ರಿ ಎಂದರೆ ಆಫ್ರಿಕಾದ ಕರಿಯರು. ಹಾಗೆ ಅನ್ನುವವರ ಬಾಯಲ್ಲಿ ಅದು ಮನುಷ್ಯರಿಗಿಂತ ಒಂದು ಮೆಟ್ಟಿಲು ಕೆಳಗಿನ ಯಾವುದೋ ಪ್ರಾಣಿ.

ನನಗೆ ಕೊಂಕಣಿ ಬರುತ್ತದೆಂದು ಅವರಿಗೆ ಗೊತ್ತಿರಲಿಲ್ಲ. ನಾನು ಯಲ್ಲಾಪುರ ಸೀಮೆಯ ಸಿದ್ದಿ ಹೆಣ್ಣು. ಓದಿದ್ದು ಕನ್ನಡ ಶಾಲೆಯಲ್ಲಿ, ಆದರೆ ಅವ್ವ ನನ್ನನ್ನು ಬೈದದ್ದೂ ಮಲಗಿಸಿದ್ದೂ ನಮ್ಮ ಸಿದ್ದಿ ಕೊಂಕಣಿಯಲ್ಲೇ. ನಮ್ಮ ಹಿರಿಯರನ್ನು ಹಡಗಿನಲ್ಲಿ ತುಂಬಿ ತಂದು ಮಾರಿದ್ದು ಇದೇ ಗೋವಾದಲ್ಲಂತೆ. ಧಣಿಗಳ ಏಟು ತಾಳಲಾರದೆ ಅವರು ಹತ್ತಿ ಓಡಿದ ಘಟ್ಟವನ್ನು ನಾನು ಟಿಕೆಟು ಕೊಟ್ಟು ಇಳಿದು ಬಂದಿದ್ದೆ.

"ಖಾಪ್ರಿ ನ್ಹಯ್ ಅಕ್ಕಾ, ಗಂಗಾ ಮ್ಹಣ್ಟಾತ್ ಮ್ಹಾಕಾ" ಎಂದೆ. ಖಾಪ್ರಿ ಅಲ್ಲ, ನನ್ನ ಹೆಸರು ಗಂಗಾ ಎಂದಷ್ಟೇ. ಇಬ್ಬರೂ ಎದ್ದು ಬೇರೆ ಬೆಂಚಿಗೆ ಹೋದರು.

ಇದು ಎರಡು ಸಾವಿರದ ಐದನೆಯ ಇಸವಿಯ ಮಾತು. ನಾರಾಯಣನಿಗೆ ಧಾರವಾಡ ಕಡೆಯ ಬಟ್ಟೆ ವ್ಯಾಪಾರಿ ಬಸಲಿಂಗಪ್ಪ ಸಾವುಕಾರರ ಗೋದಾಮಿನಲ್ಲಿ ಮೂಟೆ ಹೊರುವ ಕೆಲಸ ಸಿಕ್ಕಿತ್ತು. ಅಂಗಡಿಯ ಮಾಳಿಗೆಯ ಮೇಲೆ ಕೆಲಸಗಾರರಿಗಾಗಿ ಖೋಲಿಗಳಿದ್ದವು. ಎರಡು ಖಾಲಿ ಇದ್ದವು. ನಾವು ಗಂಟುಮೂಟೆ ಸಮೇತ ಹೋಗಿ ನಿಂತೆವು. ಸಾವುಕಾರರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಕೆಲಸಕ್ಕ ಅಡ್ಡಿ ಇಲ್ಲವಾ. ಆದ್ರ ಮ್ಯಾಲ ಇರಾಕ ಅಂದ್ರ... ನಮ್ಮ ಮನ್ಯಾನವ್ರು ಅಂಜತಾರ. ನೀ ತಪ್ಪ ತಿಳ್ಕೋಬ್ಯಾಡ."

"ನಾನೂ ಕನ್ನಡದಾಕೀನ ಅದೀನ್ರಿ, ಸಾವುಕಾರ್ರ."

"ಮಾತಾಡೋದು ಕನ್ನಡ ಖರೇ. ನೋಡಿದವ್ರಿಗೆ ಗೊತ್ತಾಗಬೇಕಲ್ಲವಾ?"

ಘಟ್ಟದ ಮೇಲಿಂದ ಬಂದ ನಮ್ಮ ಜನರನ್ನು ಇಲ್ಲಿಯವರು ಘಾಂಟಿ ಎಂದು ಹೀಯಾಳಿಸುತ್ತಾರೆ. ಹಾಗೆ ಅಂದರೆ ಕನ್ನಡದವರಿಗೆ ಮೈ ಉರಿಯುತ್ತದೆ, ಉರಿಯಬೇಕು ಕೂಡ. ಆದರೆ ಆ ಉರಿ ನಮ್ಮಂಥವರ ಬಾಗಿಲಿಗೆ ಬಂದಾಗ ಯಾಕೆ ಆರಿಹೋಗುತ್ತದೆ? ನನ್ನ ಪಾಲಿಗೆ ಘಾಂಟಿಯೂ ಬಂತು, ಖಾಪ್ರಿಯೂ ಬಂತು.

ಕೊನೆಗೆ ಮನೆ ಕೊಟ್ಟವಳು ಕುರ್ಟಿಯಲ್ಲಿ ತರಕಾರಿ ಮಾರುವ ಸುಮನ್ ಮಾವಶಿ. ಮಾವಶಿ ಎಂದರೆ ಚಿಕ್ಕಮ್ಮ. ಅವಳು ಗಾವಡಾ ಜನ, ಗೋವಾದ ಮೂಲ ನಿವಾಸಿಗಳು. ಯಾವ ದೇಶ ಎಂದು ಅವಳು ಕೇಳಲಿಲ್ಲ. ಕೋಳಿ ಸಾಕುತ್ತೀಯಾ ಎಂದು ಕೇಳಿದಳು, ಅಂಗಳ ಹೊಲಸಾಗುತ್ತದೆಂದು. ಅವಳ ಮನೆಯಲ್ಲೂ ನಮ್ಮಂತೆ ಗಂಜಿಗೆ ಪೇಜ್ ಎನ್ನುತ್ತಾರೆ. ಊರಲ್ಲಿ ಪೇಜಿನ ಜೊತೆ ಚಿಗಳಿ ಇರುವೆಯ ಚಟ್ನಿ ತಿನ್ನುತ್ತಿದ್ದೆ, ಇಲ್ಲಿ ಒಣ ಸಿಗಡಿಗೆ ಕಾಯಿತುರಿ ಕಲಸಿದ ಕಿಸ್ಮೂರ್. ಮೊದಲ ತಿಂಗಳು ಅದರ ವಾಸನೆಗೇ ಮೂಗು ಮುಚ್ಚುತ್ತಿದ್ದವಳು, ಮಳೆಗಾಲದ ಹೊತ್ತಿಗೆ ಪಾತ್ರೆ ಬಳಿದು ತಿನ್ನತೊಡಗಿದೆ.

ನಾನು ಓಟಗಾರ್ತಿಯಾಗಿದ್ದೆ. ಹನ್ನೆರಡನೆಯ ವಯಸ್ಸಿನಲ್ಲಿ ಅಧಿಕಾರಿಗಳು ಊರಿಗೆ ಬಂದು, ಸಿದ್ದಿಗಳ ರಕ್ತದಲ್ಲೇ ಓಟವಿದೆ ಎಂದು ನಮ್ಮ ಕಾಲು ಮುಟ್ಟಿ ನೋಡಿ, ನನ್ನನ್ನು ಕ್ರೀಡಾ ವಸತಿನಿಲಯಕ್ಕೆ ಒಯ್ದಿದ್ದರು. ಎತ್ತಿನ ಮೀನಖಂಡ ನೋಡುವಂತೆ ನೋಡಿದ್ದರು. ನಾಲ್ಕು ವರ್ಷ ನಸುಕಿನಲ್ಲಿ ಎದ್ದು, ಹಿಮ್ಮಡಿ ಒಡೆದು ರಕ್ತ ಬರುವವರೆಗೆ ಓಡಿದವಳು ನಾನು. ಗೆದ್ದಾಗೆಲ್ಲ ಹೊಗಳಿಕೆ ರಕ್ತಕ್ಕೆ ಹೋಯಿತು, ಸೋತಾಗ ಮಾತ್ರ ಬೈಗುಳ ನನಗೆ ಬಂತು. ಒಂದು ದಿನ ಯೋಜನೆ ನಿಂತಿತು ಎಂದರು. ಬಸ್ಸು ಹತ್ತಿಸಿ ಮನೆಗೆ ಕಳಿಸಿದರು. ಅಷ್ಟೆ.

ಗೋವಾಕ್ಕೆ ಬಂದ ಎರಡನೆಯ ವರ್ಷ, ಫೋಂಡಾದ ಒಂದು ಕ್ರೀಡಾ ಮಂಡಳಿ ಹೆಂಗಸರಿಗಾಗಿ ರಸ್ತೆ ಓಟ ಇಟ್ಟಿತು. ಪೇಟೆಯಿಂದ ಫರ್ಮಾಗುಡಿ ಏರು ಹತ್ತಿ ಮರಳಿ ಬರುವುದು. ಯಾರು ಬೇಕಾದರೂ ಓಡಬಹುದು ಎಂದು ಫಲಕದಲ್ಲಿತ್ತು. ನಾನು ಹೆಸರು ಕೊಟ್ಟೆ. ಮಾವಶಿ ತನ್ನ ಗಾಡಿಯ ಒಂದು ಎಳನೀರು ಕುಡಿಸಿ ಕಳಿಸಿದಳು.

ಏರಿನಲ್ಲಿ ಒಬ್ಬೊಬ್ಬರೇ ಹಿಂದೆ ಬಿದ್ದರು. ತಿರುವಿನ ಕಟ್ಟೆಯ ಮೇಲೆ ಕೂತ ಗಂಡಸರ ಗುಂಪೊಂದು ನನ್ನನ್ನು ಕಂಡು ಮಂಗನ ಹಾಗೆ ಕೂಗತೊಡಗಿತು. ಹೂಪ್, ಹೂಪ್ ಎಂದು, ಕಂಕುಳು ಕೆರೆಯುತ್ತ. ಅವರ ಪಕ್ಕದಲ್ಲಿ ಮಂಡಳಿಯ ಬಿಲ್ಲೆ ಹಾಕಿದ ಸ್ವಯಂಸೇವಕ ನೀರಿನ ಲೋಟ ಹಿಡಿದು ನಿಂತಿದ್ದ. ಅವನೂ ನಕ್ಕ. ನಾನು ಅವನ ನೀರು ಮುಟ್ಟಲಿಲ್ಲ.

ಗೆರೆಯನ್ನು ಮೊದಲು ದಾಟಿದವಳು ನಾನು. ಎರಡನೆಯವಳು ಪ್ರಜ್ಞಾ ಎಂಬ ಕಾಲೇಜು ಹುಡುಗಿ, ಬಹಳ ಹಿಂದಿದ್ದಳು. ಚಪ್ಪಾಳೆ ಬೀಳುವ ಮೊದಲೇ ಅವಳ ತರಬೇತುದಾರ ಮೇಜಿಗೆ ಹೋಗಿ ತಕರಾರು ಎತ್ತಿದ: ಇದು ವಿದೇಶಿಯರಿಗಲ್ಲ. ನಾರಾಯಣ ಮನೆಗೆ ಹೋಗಿ ನನ್ನ ಚುನಾವಣೆ ಕಾರ್ಡು ತಂದ. ಕಾರ್ಯದರ್ಶಿ ಅದನ್ನು ಬೆಳಕಿಗೆ ಹಿಡಿದು ಮಗುಚಿ ನೋಡಿ, ಹಿಂದಿಯಲ್ಲಿ "ಎಲ್ಲಿ ಮಾಡಿಸಿದೆ ಇದನ್ನು?" ಎಂದ.

"ಸರ್ಕಾರದಲ್ಲಿ. ನಿನ್ನದನ್ನು ನೀನು ಎಲ್ಲಿ ಮಾಡಿಸಿದೆ?" ಎಂದು ಕೊಂಕಣಿಯಲ್ಲೇ ಕೇಳಿದೆ.

ಅವನ ಮುಖ ಕೆಂಪಾಯಿತು. ಕಾರ್ಡು ಖರೆಯೇ ಇರಬಹುದು, ಆದರೆ ಇಂಥ ಮೈಕಟ್ಟಿನವರನ್ನು ನಮ್ಮ ಹುಡುಗಿಯರ ಜೊತೆ ಓಡಿಸುವುದು ಅನ್ಯಾಯ ಎಂದ. ಗೆದ್ದವರಿಗೆ ಇಟ್ಟಿದ್ದ ಬಹುಮಾನದ ಬಟ್ಟಲು ಪ್ರಜ್ಞಾಳ ಕೈಗೆ ಹೋಯಿತು. ಅವಳು ನನ್ನ ಕಡೆ ನೋಡಲಿಲ್ಲ, ಬೇಡ ಎನ್ನಲೂ ಇಲ್ಲ.

ಈ ಸುದ್ದಿ ಕನ್ನಡ ಪತ್ರಿಕೆಯೊಂದರಲ್ಲಿ ಬಂತು: ಗೋವಾದಲ್ಲಿ ಕನ್ನಡತಿಗೆ ಅವಮಾನ. ವಾರದೊಳಗೆ ಬಸಲಿಂಗಪ್ಪ ಸಾವುಕಾರರು ಮಾವಶಿಯ ಅಂಗಳದಲ್ಲಿದ್ದರು. ಫೋಂಡಾದ ಕನ್ನಡದವರ ಸಂಘಕ್ಕೆ ಅವರೇ ಅಧ್ಯಕ್ಷರು.

"ಗಂಗವ್ವಾರ, ರಾಜ್ಯೋತ್ಸವದಾಗ ನಿಮಗ ಸನ್ಮಾನ ಇಟ್ಟೇವ್ರಿ. ನೀವು ನಮ್ಮ ಹೆಮ್ಮಿ." ಎರಡು ವರ್ಷದ ಹಿಂದಿನ 'ನೀ' ಈಗ 'ನೀವು' ಆಗಿತ್ತು. ಏಳುವ ಮುನ್ನ ದನಿ ಇಳಿಸಿ ಹೇಳಿದರು: "ಹಂಗ, ನಿಮ್ಮ ಮಂದೀದು ಒಂದ ಕುಣತ ಇಟ್ಕೋರಿ. ಎಲಿ ಗಿಲಿ ಕಟ್ಕೊಂಡ ಕುಣದ್ರ ಮಂದಿ ಭಾಳ ಸೇರತಾರ."

ಅವರು ಹೋದ ಮೇಲೆ ಮಾವಶಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಲೇ ಹೇಳಿದಳು: "ನಾಚಪಾಕ್ ಆಪಯ್ತಾತ್, ಬಸಪಾಕ್ ನ್ಹಯ್." ಕುಣಿಯಲು ಕರೆಯುತ್ತಾರೆ, ಕೂರಲು ಅಲ್ಲ. ಮಂತ್ರಿಗಳು ಬಂದಾಗೆಲ್ಲ ಗಾವಡಾ ಹೆಂಗಸರನ್ನು ಬಿಸಿಲಲ್ಲಿ ಕುಣಿಸಿ ಲಾರಿಯಲ್ಲಿ ವಾಪಸು ಕಳಿಸಿದ್ದನ್ನು ಅವಳು ಕಂಡವಳು, ಕುಣಿದವಳು.

"ಹೋಗಬ್ಯಾಡ. ಅವ್ರ ಗೋದಾಮಿನ್ಯಾಗ ನನ್ನ ಕೆಲಸ ಐತಿ, ಏನರ ಅಂದಿ ಅಂದ್ರ ಮುಗೀತು" ಎಂದ ನಾರಾಯಣ.

ನಾನು ಹೋದೆ. ನಾರಾಯಣನೂ ಹಿಂದೆ ಬಂದ. ಓಟದ ಅಂಗಿ, ಚಡ್ಡಿಯ ಮೇಲೊಂದು ಪೈಜಾಮ, ಕಾಲಿಗೆ ಅದೇ ಹರಿದ ಬೂಟು. ಸಾವುಕಾರರು ಎಲೆ ಎಲ್ಲಿ ಎಂಬಂತೆ ನೋಡಿದರು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಭಾಷಣ ಮಾಡಿದವರು ನನ್ನನ್ನು ಆಫ್ರಿಕಾದ ಕಾಡಿನ ಜಿಂಕೆ ಎಂದರು. ರಕ್ತದಲ್ಲೇ ಓಟ ಎಂದರು. ಹದಿನೈದು ವರ್ಷ ದಾಟಿ, ಒಂದು ಘಟ್ಟ ಇಳಿದು ಬಂದರೂ ಅದೇ ಮಾತು. ನಾನು ಎದ್ದು ಮೈಕು ಕೇಳಿದೆ. ಧನ್ಯವಾದ ಹೇಳುತ್ತಾಳೆಂದು ಕೊಟ್ಟರು.

"ಸಾವುಕಾರ್ರ," ಎಂದೆ. "ಎರಡ ವರ್ಷದ ಹಿಂದ ನಿಮ್ಮ ಮಾಳಿಗಿ ಖೋಲಿ ಕೇಳಾಕ ಬಂದಿದ್ದೆ. ಕನ್ನಡದಾಕಿ ಅಂತ ನೋಡಿದವ್ರಿಗೆ ಗೊತ್ತಾಗಬೇಕು ಅಂದ್ರಿ. ಇವತ್ತ ಗೊತ್ತಾಗತೈತೇನ್ರಿ?"

ಸಾವುಕಾರರು ಮೈಕಿಗೆ ಕೈ ಚಾಚಿದರು, ನಾನು ಬಿಡಲಿಲ್ಲ.

"ಅಲ್ಲಿ ನನಗ ಮಂಗ್ಯಾ ಅಂದ್ರು, ಇಲ್ಲಿ ಜಿಂಕಿ ಅಂತೀರಿ. ಮನಷ್ಯಾಳು ಅಂತ ಯಾರೂ ಅನ್ನಲಿಲ್ಲ. ಬಟ್ಟಲಾ ಕಸಗೊಂಡಾಗ ನಿಮ್ಮೊಳಗ ಒಬ್ಬರರ ಬಂದು ನನ್ನ ಬಾಜೂ ನಿಂತ್ರೇನ್ರಿ? ಶಾಲ ಹೊಚ್ಚಾಕ ಮಾತ್ರ ಬಂದ್ರಿ."

ಶಾಲನ್ನು ಮಡಚಿ ಕುರ್ಚಿಯ ಮೇಲಿಟ್ಟು ಇಳಿದೆ. ಹಿಂದಿನ ಸಾಲಿನಲ್ಲಿ ಗೌಂಡಿ ಕೆಲಸದ ಹೆಂಗಸೊಬ್ಬಳು ಚಪ್ಪಾಳೆ ತಟ್ಟಿದಳು, ಒಬ್ಬಳೇ. ನಾರಾಯಣ ಮಾತ್ರ ವೇದಿಕೆಯ ಬದಿಯಿಂದ ಹಣ್ಣಿನ ಬುಟ್ಟಿ ಎತ್ತಿಕೊಂಡು ಬಂದ. "ಹಣ್ಣೇನ್ ಮಾಡೈತಿ?" ಎಂದ.

ಮರುದಿನ ಗೋದಾಮಿನಲ್ಲಿ ಅವನಿಗೆ ಕೆಲಸ ಇರಲಿಲ್ಲ. ಮೂರು ವಾರ ಖಾಲಿ ಕೂತು, ಬೆತೋಡಾದಲ್ಲಿ ಹೆಂಚು ಮಾರುವ ಅಂಗಳದ ಕೆಲಸಕ್ಕೆ ಸೇರಿದ. ಆ ಮೂರು ವಾರದಲ್ಲಿ ಒಮ್ಮೆಯೂ ನನ್ನನ್ನು ದೂರಲಿಲ್ಲ. ಅವನು ದೂರಿದ್ದರೆ ನನಗೆ ಹಗುರಾಗುತ್ತಿತ್ತೇನೋ.

ಮರುವರ್ಷದ ಓಟದ ಫಲಕದಲ್ಲಿ ಹೊಸ ಸಾಲು ಸೇರಿತ್ತು: ಗೋವಾದಲ್ಲಿ ಹುಟ್ಟಿದವರಿಗೆ ಮಾತ್ರ. ನನ್ನೊಬ್ಬಳನ್ನು ತಡೆಯಲು ಬರೆದ ಸಾಲು. ಅದನ್ನು ಓದಿ ನಾನು ಅಳಲಿಲ್ಲ, ಬೂಟು ಹೊಲಿಸಿದೆ.

ಅವರು ಬಾವುಟ ಬೀಸಿ ಎಲ್ಲರೂ ಹೊರಟು ಹೋಗುವವರೆಗೆ ಕಾದೆ. ಆಮೇಲೆ ಎದೆಯ ಮೇಲೆ ಸಂಖ್ಯೆಯಿಲ್ಲದೆ ರಸ್ತೆಗಿಳಿದೆ. ರಸ್ತೆ ಮಂಡಳಿಯ ಆಸ್ತಿಯಲ್ಲ. ಏರಿನಲ್ಲಿ ಪ್ರಜ್ಞಾ ಸಿಕ್ಕಳು, ಎಲ್ಲರಿಗಿಂತ ಮುಂದಿದ್ದಳು. ನನ್ನ ಹೆಜ್ಜೆ ಸದ್ದು ಕೇಳಿ ತಿರುಗಿ ನೋಡಿದಳು, ಬದಿಗೆ ಸರಿದು ದಾರಿ ಬಿಟ್ಟಳು. ಕಟ್ಟೆಯ ಮೇಲೆ ಮತ್ತೆ ಆ ಹೂಪ್ ಹೂಪ್. ಇಳುಕಲಿನಲ್ಲಿ, ಕಟ್ಟುತ್ತಿದ್ದ ಕಟ್ಟಡದ ಸಾರವೆಯ ಮೇಲಿಂದ ವಿಜಯಪುರ ಕಡೆಯ ಗೌಂಡಿಗಳು ಕೂಗಿದರು: "ಹೊಡಿ ತಂಗಿ, ಹೊಡಿ! ನಮ್ಮಾಕಿ ನೋಡಲೇ ಅಕಿ!" ಪೇಟೆಗೆ ಬಂದಾಗ ಹೂ ಮಾರುವವಳೊಬ್ಬಳು ಎದ್ದು ನಿಂತು "ಆಮ್ಚೆಂ ಗೋ ತೆಂ!" ಎಂದಳು. ನಮ್ಮದೇ ಹುಡುಗಿ ಎಂದು.

ಗೆರೆ ದಾಟಿದೆ. ಮೇಜಿನವರು ಗಡಿಯಾರ ಒತ್ತಲಿಲ್ಲ, ಮುಖ ತಿರುಗಿಸಿದರು. ಎರಡು ಭಾಷೆಯಲ್ಲಿ ನನ್ನನ್ನು ನಮ್ಮವಳೆಂದ ಕೂಗು ಕಿವಿಯಲ್ಲಿತ್ತು. ಹಿಗ್ಗೂ ಆಯಿತು, ಸಿಟ್ಟೂ ಬಂತು. ಅದೇ ಉಸಿರಿನಲ್ಲಿ ತಿರುಗಿ ಹೂವಿನವಳ ಬಳಿ ಹೋಗಿ, ಬೆವರು ಸುರಿಯುತ್ತ, ನೀರು ಕೇಳಿದೆ. ಅವಳು ತಂಬಿಗೆಯಿಂದ ಲೋಟಕ್ಕೆ ಬಗ್ಗಿಸಿ ಕೊಟ್ಟಳು. ನಾನು ಕುಡಿಯುವುದನ್ನೇ ನೋಡುತ್ತ, ನನ್ನ ಕೂದಲು, ತುಟಿ, ಕೈ ಎಲ್ಲ ನೋಡಿ ಮುಗಿಸಿ, ಕೆಡುಕಿಲ್ಲದ ದನಿಯಲ್ಲಿ ಕೇಳಿದಳು:

"ತುಂ ಖಂಯ್ಚೆಂ ಗೋ?" ನೀನು ಎಲ್ಲಿಯವಳೇ?

ಲೋಟ ಚಾಚಿ, ಇನ್ನಷ್ಟು ನೀರು ಹಾಕು ಎಂದೆ.