ಬುಡಕ್ಕೆ ಮೂರು ಸುತ್ತು

ಎದುರುಮನೆಯ ಕಟಿಂಗ್ ಮಾಸ್ಟ್ರಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಎರಡೂ ಬಿದ್ದುಹೋಗಿದ್ದವು. ಎರಡು ತಿಂಗಳಲ್ಲಿ ಕಾಲು ಮಾತು ಕೇಳಿತು. ಕೈ ಕೇಳಲಿಲ್ಲ. ಹೊಲಿಗೆ ಅಂಗಡಿಯ ಯಜಮಾನರು ಫೋನಿನಲ್ಲಿ ಮಾಸ್ಟ್ರ ಹೆಂಡತಿಗೆ ಹೇಳಿದ್ದರು: "ಶನಿವಾರ ಬಂದು ನೋಡ್ತೀನಿ. ಕೈ ಬರೋ ಲಕ್ಷಣ ಇದ್ರೆ ಕಾಯ್ತೀನಿ. ಇಲ್ಲಾಂದ್ರೆ ಆ ಟೇಬಲ್‌ಗೆ ಬೇರೆಯವರನ್ನ ನಿಲ್ಲಿಸ್ಲೇಬೇಕಮ್ಮ." ಇಪ್ಪತ್ತೇಳು ವರ್ಷ ಮಾಸ್ಟ್ರು ನಿಂತ ಟೇಬಲ್ ಅದು.

ಮನೆಗೆ ಬಂದು ವ್ಯಾಯಾಮ ಮಾಡಿಸುವ ಫಿಸಿಯೋ ಹುಡುಗಿ, ದಿನಾ ಬೆಳಿಗ್ಗೆ ಹಳೆ ಬಟ್ಟೆಗೆ ಬಲಗೈಯಲ್ಲೇ ಆರು ಗುಂಡಿ ಹೊಲಿಯಬೇಕೆಂದು ಗೊತ್ತುಮಾಡಿದ್ದಳು. ಎಡಗೈ ಬಟ್ಟೆ ಹಿಡಿಯಲು ಮಾತ್ರ. ಮಾಸ್ಟ್ರ ಹೆಂಡತಿಗೆ ಬೇರೆಯಾಗಿ ಹೇಳಿದ್ದಳು: "ಆಂಟಿ, ನೀವು ಕೈ ಹಾಕ್ಬಾರ್ದು."

ಗಂಡ ಕತ್ತರಿಸಿದ ಬಟ್ಟೆಗೆ ಜೀವಮಾನವಿಡೀ ಗುಂಡಿ ಹೊಲಿದುಕೊಟ್ಟವರು ಆಕೆ. ಸೂಜಿ ಬೀಳುವುದು, ಹುಡುಕುವುದು, ಮತ್ತೆ ಬೀಳುವುದು, ಇದನ್ನೆಲ್ಲ ನೋಡುತ್ತ ಕೂರಬೇಕಿತ್ತು. ಹೊಲಿದ ಗುಂಡಿಗಳು ಅಲ್ಲಾಡುವ ಹಲ್ಲಿನಂತೆ ಜೋತಾಡುತ್ತಿದ್ದವು. ಒಂದು ದಿನ ಮಾಸ್ಟ್ರು ಅವನ್ನು ನೋಡಿ ಗೋಡೆಯ ಕಡೆ ತಿರುಗಿ ಮಲಗಿದವರು ಊಟಕ್ಕೂ ಏಳಲಿಲ್ಲ. ಮರುದಿನದಿಂದ ಅವರು ಮಧ್ಯಾಹ್ನ ನಿದ್ದೆಹೋದಾಗ ಆಕೆ ಆ ಗುಂಡಿಗಳನ್ನು ಬಿಚ್ಚಿ ತಾವೇ ಹೊಲಿದಿಡತೊಡಗಿದರು. ಮೊದಲ ದಿನ ಸಂಜೆ ಮಾಸ್ಟ್ರು ಎಳೆದು ನೋಡಿದರೆ ಗಟ್ಟಿ. ಅಂದು ಎರಡು ತುತ್ತು ಹೆಚ್ಚು ಉಂಡರು.

"ಮೋಸ ಅಂತ ಹೊಳೀಲೇ ಇಲ್ಲ. ಔಷಧಿ ಕೊಟ್ಟ ಹಾಗೇ ಅನ್ನಿಸ್ತಿತ್ತು," ಎಂದು ಆಮೇಲೆ ನನ್ನ ಬಳಿ ಹೇಳಿಕೊಂಡರು.

ಗುರುವಾರ ಫಿಸಿಯೋ ಹುಡುಗಿ ಗುಂಡಿಗಳನ್ನು ಎಳೆದು ನೋಡಿ ಕಣ್ಣರಳಿಸಿದಳು. "ಅಂಕಲ್, ಇನ್ನು ದೊಡ್ಡ ಕತ್ತರಿಗೇ ಹೋಗೋಣ. ಶನಿವಾರ ಯಜಮಾನರ ಎದುರಿಗೇ ಬಟ್ಟೆ ಕತ್ತರಿಸಿ ತೋರಿಸಿ."

ಆಕೆ ಕಪಾಟಿನಿಂದ ಕತ್ತರಿ ತೆಗೆದರು. ಕಬ್ಬಿಣದ್ದು, ಆ ಕೈಯಿಂದ ಜಾರಿದರೆ ಪಾದ ಸೀಳುವಷ್ಟು ಭಾರ. ನಿಜ ಹೇಳಿದರೆ ಗಂಡ ಮತ್ತೆ ಗೋಡೆಯ ಕಡೆ ತಿರುಗುತ್ತಾರೆ. ಹೇಳದಿದ್ದರೆ ಶನಿವಾರ ಯಜಮಾನರ ಎದುರು ತಲೆತಗ್ಗಿಸುತ್ತಾರೆ. ಕತ್ತರಿಯನ್ನು ಎದೆಗೊತ್ತಿಕೊಂಡು ನಿಂತೇಬಿಟ್ಟರು.

"ಕೊಡೇ," ಎಂದರು ಮಾಸ್ಟ್ರು. ನಾಲಿಗೆ ಇನ್ನೂ ತೊದಲುತ್ತಿತ್ತು.

"ರೀ... ಆ ಗುಂಡಿ ನೀವು ಹೊಲಿದಿದ್ದಲ್ಲ."

ಮಾಸ್ಟ್ರು ಎಡಗೈಯಲ್ಲಿ ಬಟ್ಟೆ ಎತ್ತಿ ಗುಂಡಿಯನ್ನು ಓರೆಮಾಡಿದರು. ಬುಡಕ್ಕೆ ದಾರದ ಮೂರು ಸುತ್ತು, ಹಿಂದೆ ಸಾಸಿವೆಯಷ್ಟು ಗಂಟು.

"ಮೂರು ಸುತ್ತು... ನಿಂದೇ. ನಂದು ಯಾವಾಗ್ಲೂ ಎರಡೇ... ಸೋಮಾರಿ." ಯಾರೂ ನಗಲಿಲ್ಲ. "ನಾನೂ... ತಿರುಗಿಸಿ ನೋಡ್ಲಿಲ್ಲ. ಭಯ."

ಆಮೇಲೆ, "ಎಲ್ಲಾ ಬಿಚ್ಬೇಕು," ಎಂದರು. ಆಕೆ ಕೈ ಚಾಚಿದರು. "ನೀನಲ್ಲ."

ದಾರ ಕತ್ತರಿಸುವ ಸಣ್ಣ ಕತ್ತರಿಯನ್ನು ಬಲಗೈಗೆ ಸಿಕ್ಕಿಸಿಕೊಂಡು ಬಿಚ್ಚತೊಡಗಿದರು. ಒಂದು ಕಡೆ ಬಟ್ಟೆಯೇ ಹರಿಯಿತು. ಆಕೆ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಅದುಮಿಕೊಂಡು ಕೂತರು.

ಶನಿವಾರ ಯಜಮಾನರು ಬಂದಾಗ ಬಟ್ಟೆಯ ಮೇಲೆ ಮೂರೇ ಗುಂಡಿ. ಮೊದಲನೆಯದನ್ನು ಎಳೆದರು, ಕೈಗೇ ಬಂತು. ಎರಡನೆಯದು ದಾರದಲ್ಲಿ ನೇತಾಡಿತು. ಬಾಗಿಲ ಬಳಿ ನಿಂತಿದ್ದ ಆಕೆಗೆ ದೇವರ ಹೆಸರೂ ನೆನಪಾಗಲಿಲ್ಲವಂತೆ. ಮೂರನೆಯದನ್ನು ಎಳೆದರು. ಇನ್ನೊಮ್ಮೆ ಜಗ್ಗಿದರು. ಅದು ಕದಲಲಿಲ್ಲ.

ಯಜಮಾನರು ಆಕೆಯ ಕಡೆ ನೋಡಿದರು. "ಇದು ಯಾರ ಕೈದಮ್ಮ?"

"ನಂದಾಗಿದ್ರೆ ಇಷ್ಟು ಕೆಟ್ಟದಾಗಿರ್ತಿತ್ತಾ?"

ಮಾಸ್ಟ್ರ ಬಾಯಿಯ ಒಂದು ಬದಿ ಮಾತ್ರ ನಕ್ಕಿತು. ಯಜಮಾನರು ಬಟ್ಟೆ ಕೆಳಗಿಟ್ಟು ಎದ್ದರು. "ಟೇಬಲ್‌ಗೆ ಯಾರನ್ನೂ ನಿಲ್ಲಿಸಲ್ಲ, ಸದ್ಯಕ್ಕೆ ಬಟ್ಟೆ ಥಾನು ಪೇರಿಸಿರ್ತೀನಿ. ಮುಂದಿನ ತಿಂಗಳು ಬರ್ತೀನಿ, ಆರೂ ಗುಂಡಿ ತೋರಿಸ್ಬೇಕು ಮಾಸ್ಟ್ರೇ."

ಅವರು ಹೋದ ಮೇಲೆ ಮಾಸ್ಟ್ರ ಬಲಗೈ ಕಿತ್ತುಬಂದ ಗುಂಡಿಯತ್ತ ತೆವಳಿತು. ಬೆರಳು ತಾಗಿ ಗುಂಡಿ ಉರುಳಿ ಮಂಚದ ಕೆಳಗೆ ಹೋಯಿತು. ಆಕೆ ಎದ್ದರು. ಮತ್ತೆ ಕೂತರು.