ಬೆಂಟೊನೈಟಿಗೆ ಉಪ್ಪುನೀರು ಕುಡಿಸಿದ್ದು

ವೇಲಚೇರಿಯ ಜೌಗು ನೆಲವೆಲ್ಲ ಫ್ಲಾಟುಗಳಾಗುತ್ತಿದ್ದ ಕಾಲ. ಅಲ್ಲೊಂದು ಕಟ್ಟಡದ ಅಡಿಪಾಯಕ್ಕೆ ಪೈಲ್ ಎಂಬ ಕಾಂಕ್ರೀಟ್ ಕಂಬಗಳನ್ನು ಇಳಿಸುವ ಸೈಟಿನಲ್ಲಿ ನಾನು ಟ್ರೈನಿ ಎಂಜಿನಿಯರ್. ಹೆಲ್ಮೆಟ್ ಬಿಟ್ಟರೆ ನನ್ನ ತಲೆಯ ಮೇಲಾಗಲಿ ಒಳಗಾಗಲಿ ಹೆಚ್ಚೇನೂ ಇರಲಿಲ್ಲ.

ಪೈಲಿಗೆಂದು ಕೊರೆದ ಆಳದ ಗುಂಡಿ ಕಾಂಕ್ರೀಟು ಬೀಳುವವರೆಗೆ ಕುಸಿಯದಂತೆ ಹಿಡಿಯುವುದು ಬೆಂಟೊನೈಟ್ ಎಂಬ ಜೇಡಿಮಣ್ಣು ಕದಡಿದ ನೀರು. ಅದನ್ನು ಕಲಸುವುದೇ ನನ್ನ ಕೆಲಸ. ಅವತ್ತಿನ ಗುಂಡಿ ಪಕ್ಕದ ಮನೆಯ ಅಡುಗೆಮನೆ ಗೋಡೆಗೆ ತೀರಾ ಹತ್ತಿರದಲ್ಲಿತ್ತು. ಆ ಮನೆಯಲ್ಲಿ ಕುಂದಾಪುರದ ಕಡೆಯ ಒಬ್ಬ ಅಮ್ಮ ಇದ್ದರು. ಆ ತಮಿಳು ಊರಿನಲ್ಲಿ ನಾನು ಕನ್ನಡದವನೆಂದು ಗೊತ್ತಾದ ಮೇಲೆ ಕಿಟಕಿಯಿಂದಲೇ ಕಾಫಿ ಕೊಡುತ್ತಿದ್ದರು.

ನೀರಿನ ಲಾರಿ ಬರಲಿಲ್ಲ. ಸೈಟಿನ ಬೋರ್ ನೀರಂತೂ ಉಪ್ಪಿನಕಾಯಿ ಭರಣಿ ತೊಳೆದ ನೀರಿನಂತಿತ್ತು. ಮಣ್ಣೇನು ಕುಡಿಯಬೇಕೇ, ಕಲಸುವುದಕ್ಕೆ ತಾನೇ ಎಂದು ಅದನ್ನೇ ಬಿಟ್ಟು ಕಲಸಿ, ಗುಂಡಿಗೆ ಹರಿಸಿ, ಊಟಕ್ಕೆ ಕೂತೆ.

ಈ ಮಣ್ಣು ನಿಜಕ್ಕೂ ಕುಡಿಯುತ್ತದೆ. ಸಿಹಿನೀರು ಕುಡಿದು ಉಬ್ಬಿದಾಗ ಹಾಳೆಯಂಥ ಅದರ ಕಣಗಳು ಒಂದನ್ನೊಂದು ದೂರ ತಳ್ಳುತ್ತ ನೀರಿನ ತುಂಬ ಹರಡಿಕೊಳ್ಳುತ್ತವೆ. ಅಲುಗಿಸದೆ ಬಿಟ್ಟರೆ ಜಾಲ ಕಟ್ಟಿ ಮೊಸರಿನಂತೆ ನಿಲ್ಲುತ್ತವೆ, ಕದಡಿದರೆ ಮತ್ತೆ ಹರಿಯುತ್ತವೆ. ಉಪ್ಪು ಸೇರಿತೋ, ತಳ್ಳಾಟ ಮುಗಿಯಿತು. ಮದುವೆಮನೆಯ ನೆಂಟರಂತೆ ಗುಂಪುಗುಂಪಾಗಿ ತಳ ಸೇರಿ ಕೂತುಬಿಡುತ್ತವೆ. ಪರೀಕ್ಷೆಯಲ್ಲಿ ಇದನ್ನೇ ಪುಟಗಟ್ಟಲೆ ಬರೆದು ಮಾರ್ಕು ತೆಗೆದ ಮಹಾನುಭಾವ ನಾನು.

ಊಟ ಮುಗಿಸಿ ಬಗ್ಗಿ ನೋಡಿದರೆ ಗುಂಡಿಯಲ್ಲಿ ತಿಳಿನೀರು. ನನ್ನ ಮುಖ ಸ್ಪಷ್ಟವಾಗಿ ಕಂಡಿತು; ಅಷ್ಟು ಪೆದ್ದು ಮುಖವನ್ನು ಅದುವರೆಗೆ ನೋಡಿರಲಿಲ್ಲ. ನೋಡುತ್ತಿದ್ದಂತೆ ಬದಿಯ ಮರಳು ಬುಳುಕ್ಕೆಂದು ಜಾರಿತು. ಅಡುಗೆಮನೆಯ ಗೋಡೆಯ ಮೇಲೆ ಕೂದಲೆಳೆಯಂಥ ಬಿರುಕು ಮೂಡಿತು.

ಮೈಸೂರಿನವರಾದ ನಮ್ಮ ಸೈಟ್ ಎಂಜಿನಿಯರ್ ಓಡಿ ಬಂದರು.

"ಯಾವ ನೀರಯ್ಯಾ ಹಾಕ್ದೆ?"

"ಬೋರ್‌ದು, ಸರ್."

"ಉಪ್ಪು ಹಾಕಾಯ್ತಲ್ಲ, ಒಗ್ಗರಣೆನೂ ಕೊಟ್ಬಿಡು! ಮೊದ್ಲು ಆ ಅಮ್ಮನ್ನ ಹೊರಗ್ ಕರ್ಕೊಂಡ್ ಬಾ. ಬೇಗ! ಸೀಕ್ರಂ, ಸೀಕ್ರಂ!"

ಬಾಗಿಲಿಗೆ ಓಡಿದೆ. "ಅಮ್ಮಾ, ಬೇಗ ಹೊರಗ್ ಬನ್ನಿ."

"ಎಂತಕ್ಕೆ? ಹುಳಿ ಒಲೆ ಮೇಲಿತ್ತ್ ಮಾರಾಯ."

"ಗೋಡೆ ಬೀಳಬಹುದು."

"ಬೀಳ್ಸೂದ್ ಯಾರ್?"

"ನಾನೇ."

ಅವರು ನನ್ನ ನರಪೇತಲ ದೇಹವನ್ನು ಅಡಿಯಿಂದ ಮುಡಿವರೆಗೆ ನೋಡಿದರು. ನಂಬಿಕೆ ಬಂದಂತೆ ಕಾಣಲಿಲ್ಲ. ಅಷ್ಟರಲ್ಲಿ ಗಾರೆಯ ಒಂದು ಚಕ್ಕೆ ಪಾತ್ರೆಗಳ ಮೇಲೆ ಬಿತ್ತು. ಗ್ಯಾಸ್ ಆರಿಸಿ ಹೊರಗೆ ಬಂದರು.

"ಕೊರೆದದ್ದು ಹೋದ್ರೆ ಹೋಗ್ಲಿ, ಗುಂಡಿ ಮುಚ್ಚಿ!" ಎಂದರು ಸರ್. ನೆಲ ಅದುರಬಾರದೆಂದು ಯಂತ್ರ ನಿಲ್ಲಿಸಿ, ಎಲ್ಲರೂ ಬಾಂಡಲಿಯಲ್ಲಿ ಮರಳು ಹೊತ್ತು ಸುರಿದೆವು. ನಾನು ಎರಡು ಬಾರಿ ಬಾಂಡಲಿಯ ಸಮೇತ ಬಿದ್ದೆ, ಯಾರೂ ನಗಲಿಲ್ಲ. ಬಿರುಕು ಒಂದೊಂದೇ ಇಟ್ಟಿಗೆ ದಾಟುತ್ತ ಕಿಟಕಿಯ ಮೂಲೆಗೆ ಬಂತು. ಅಮ್ಮ ಸೆರಗು ಬಾಯಿಗೊತ್ತಿಕೊಂಡು ಅದನ್ನೇ ನೋಡುತ್ತಿದ್ದರು. ಗುಂಡಿ ನೆಲಮಟ್ಟಕ್ಕೆ ತುಂಬಿದಾಗ ಬಿರುಕು ಅಲ್ಲೇ ನಿಂತಿತ್ತು.

ಗೋಡೆಗೆ ಸರ್ವೆ ಮರದ ಕಂಬಗಳನ್ನು ಆನಿಸಿ, ಸರ್ ಮೂಲೆಮೂಲೆ ತಟ್ಟಿ ನೋಡಿ, "ಇನ್ನೇನೂ ಆಗಲ್ಲಮ್ಮ, ಒಳಗ್ ಹೋಗಿ" ಎಂದರು.

ಅಮ್ಮ ನನ್ನತ್ತ ತಿರುಗಿದರು. "ಮೊದ್ಲ್ ನೀ ಹೋಗ್."

ಹೋಗಿ ಬಿರುಕಿನ ಕೆಳಗೆ ನಿಂತೆ. ಹಲ್ಲಿಯೊಂದು ಲೊಚಗುಟ್ಟಿತು, ನಾನು ಎರಡೂ ಕೈಯಲ್ಲಿ ಹೆಲ್ಮೆಟ್ ಒತ್ತಿಹಿಡಿದೆ. ಗೋಡೆ ಮಾತ್ರ ಮಿಸುಕಲಿಲ್ಲ.

"ಇನ್ನೊಂಚೂರ್ ಹೊತ್ತ್ ಅಲ್ಲೇ ನಿಲ್ಲ್" ಎಂದರು ಅಮ್ಮ, ಹೊರಗಿನಿಂದ.